ತಾರಸಿಗೆ ಬನ್ನಿ ಅಂದಿದ್ದಕ್ಕೆ

"ಸ್ವಲ್ಪ ಪಕ್ಕಕ್ಕೆ ಸರಿಯಪ್ಪ, ಚಂದ್ರ ಕಾಣಿಸ್ತಿಲ್ಲ."

ನನಗೇ ಹೇಳಿದ್ದು. 2025ರ ಸೆಪ್ಟೆಂಬರ್ 7, ಭಾನುವಾರ ರಾತ್ರಿ, ಕೆಳಗಿನ ಓನರ್ ಮನೆ ಹಾಲ್‌ನಲ್ಲಿ. ನಾನು ಅಡ್ಡ ನಿಂತಿದ್ದು ಅವರ ಟಿವಿಗೆ.

ಅಸಲಿ ಚಂದ್ರ ಆ ಹೊತ್ತಿಗೆ ನಮ್ಮ ವಾಟರ್ ಟ್ಯಾಂಕಿನ ಮೇಲೆ, ಮೋಡ ಸರಿದಾಗೆಲ್ಲ, ಹುಳಿ ಹಾಕಿ ತೊಳೆಯದ ತಾಮ್ರದ ಚೊಂಬಿನ ಹಾಗೆ ಕೆಂಪಗೆ ನಿಂತಿತ್ತು. ಖಗ್ರಾಸ ಚಂದ್ರಗ್ರಹಣ. ಹನ್ನೊಂದಕ್ಕೆ ಪೂರ್ತಿ ಮುಚ್ಚಿ, 82 ನಿಮಿಷ ಹಾಗೇ. ಸೂರ್ಯಗ್ರಹಣ ಅಲ್ಲವಲ್ಲ, ಬರಿಗಣ್ಣಲ್ಲೇ ನೋಡಬಹುದು. ಪಾಪ, ಮಗು ನೋಡಲಿ ಅಂತ ಕರೆಯೋಕೆ ಹೋದೆ.

ಬಾಗಿಲು ತೆಗೆದ ಆಂಟಿ ಕೇಳಿದ್ದು, "ಏನಪ್ಪಾ, ನೀರು ಬರ್ತಿಲ್ವಾ?" ಬಾಡಿಗೆಯವನು ಇನ್ಯಾತಕ್ಕೆ ಬರ್ತಾನೆ! "ಅಲ್ಲ ಆಂಟಿ, ತಾರಸಿಗೆ ಬನ್ನಿ, ಚೆನ್ನಾಗಿ ಕಾಣ್ತಿದೆ" ಅಂದೆ. ಆಂಟಿ ಟಿವಿ ಕಡೆ ಕೈ ತೋರಿಸಿ, "ಇಲ್ಲೇ ಕಾಣ್ತಿದೆಯಲ್ಲ" ಅಂದ್ರು. ಪರದೆ ತುಂಬ ಜ್ಯೋತಿಷಿಗಳು, ಮೂಲೆಯಲ್ಲಿ ಬೆಂಗಳೂರಿನದ್ದೋ ಇನ್ಯಾವ ಊರಿನದ್ದೋ ಒಂದು ಚಂದ್ರ, ಎದೆ ನಡುಗೋ ಮ್ಯೂಸಿಕ್ಕು. ಮೊಮ್ಮಗ ಎದ್ದು ಒಂದು ಕಾಲಿಗೆ ಚಪ್ಪಲಿ ಹಾಕಿಯೂ ಬಿಟ್ಟಿದ್ದ. "ಕೂತ್ಕೋ ಮರಿ, ನಿನ್ನ ರಾಶಿ ಇನ್ನೂ ಬಂದಿಲ್ಲ." ಕೂತ. ಆಗ ಅಂಕಲ್ ಬಾಯಿಂದ ಬಂತು ಆ ಮಾತು. ನಾನೂ ಸರಿದೆ! ಮರ್ಯಾದೆಯಾಗಿ, ಗೋಡೆಗೆ ಆತುಕೊಂಡು. ಮೇಲಿಂದ "ಸಾರಿ ಅಂಕಲ್" ಬೇರೆ.

ಹೋಗಲಿ ಬಿಡಿ. ಅವರ ಮನೆ, ಅವರ ಟಿವಿ, ಕರೆಂಟ್ ಬಿಲ್ಲೂ ಅವರದೇ. ದಿನಾ ಆರಕ್ಕೆ ದೀಪ ಹಚ್ಚಿ ಕೂತರೆ ಹತ್ತೂವರೆ ತನಕ ಧಾರಾವಾಹಿ, ಬೀದಿಯಲ್ಲಿ ತೇರೇ ಬಂದರೂ ಜಾಹೀರಾತು ಬರೋವರೆಗೆ ಯಾರೂ ಹೊಸ್ತಿಲು ದಾಟಲ್ಲ. ಅದಕ್ಕೆಲ್ಲ ನಾನು ತುಟಿ ಬಿಚ್ಚಿದವನಲ್ಲ.

ಆದರೆ ಬಿಡೋದು ಹೇಗ್ರೀ? ಸೂತಕ, ಗ್ರಹಣ ನೋಡಬಾರದು ಅಂತ ಒಳಗಿದ್ದರೆ ಒಂದು ಮಾತು, ಕೈಮುಗಿದು ವಾಪಸ್ ಬರ್ತಿದ್ದೆ. ಮೊಸರಿನ ಪಾತ್ರೆ ಮೇಲೆ ದರ್ಭೆ ಇತ್ತು, ಕಣ್ಣಾರೆ ಕಂಡೆ. ಹಾಗಾದರೆ ಟಿವಿಯಲ್ಲಿ ನೋಡಿದರೆ ದೋಷ ಇಲ್ವಾ? ಗೋಡೆಯಗಲದ ಚಂದ್ರನಿಗೆ ವಿನಾಯಿತಿ ಉಂಟಾ? ಬಲ್ಲವರು ಯಾರಾದರೂ ಹೇಳಿ. ತಮಾಷೆಗೆ ಕೇಳ್ತಿಲ್ಲ, ನಿದ್ದೆ ಬರ್ತಿಲ್ಲ ನನಗೆ.

ಊರು ಯಾವುದು ನೋಡಿ. ಇಸ್ರೋ ಇರೋದು ಇಲ್ಲಿ, ತಾರಾಲಯ ಇರೋದು ಇಲ್ಲಿ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ ಇಳಿದಾಗ ಇದೇ ಸೋಫಾದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ನನಗೂ ಮೈಸೂರ್‌ಪಾಕ್ ಕೊಟ್ಟರು. ಆ ಚಂದ್ರ ಟಿವಿಯಲ್ಲಷ್ಟೇ ಕಾಣೋದು, ಒಪ್ಪೋಣ. ಇದು ತಲೆ ಮೇಲಿತ್ತಲ್ಲ!

ನಾನೇನು ದೊಡ್ಡ ಖಗೋಳಶಾಸ್ತ್ರಜ್ಞನಾ? ಲುಂಗಿ ಉಟ್ಟುಕೊಂಡು ಮಧ್ಯರಾತ್ರಿ ಮನೆಮನೆಗೆ ಚಂದ್ರನನ್ನು ಮಾರೋಕೆ ಹೋದ ಗಿರಾಕಿ. ಉಚಿತ ಅಂದರೂ ಯಾರೂ ಕೊಳ್ಳಲಿಲ್ಲ.

2026ರ ಮಾರ್ಚ್ 3ರ ಗ್ರಹಣದಲ್ಲಿ ಇಲ್ಲಿ ಚಂದ್ರ ಹುಟ್ಟೋ ಹೊತ್ತಿಗೆ ಖಗ್ರಾಸ ಮುಗಿದು ಬಾಲ ಮಾತ್ರ. ಮೊದಲಿಂದ ಕೊನೆವರೆಗೆ ಇಲ್ಲಿಂದ ಕಾಣೋ ಖಗ್ರಾಸಕ್ಕೆ 2028ರ ಡಿಸೆಂಬರ್ 31ರ ತನಕ ಕಾಯಬೇಕು, ರಾತ್ರಿ ಹತ್ತರ ಸುಮಾರಿಗೆ. ಅವತ್ತು ರಾಶಿಫಲದ ಜೊತೆ ಹೊಸ ವರ್ಷದ ಸ್ಪೆಷಲ್ ಪ್ರೋಗ್ರಾಂ ಬೇರೆ. ಆ ಹುಡುಗನ್ನ ಈಗಲೇ ಬುಕ್ ಮಾಡಿಡಲಾ?