ಯುದ್ಧ ನಿಂತರೂ ತುರ್ತುಪರಿಸ್ಥಿತಿ ನಿಲ್ಲಲಿಲ್ಲ

ಯುದ್ಧ ನಡೆಯುವಾಗ ಸರ್ಕಾರವನ್ನು ಪ್ರಶ್ನಿಸಬಾರದು, ಎಲ್ಲ ಮುಗಿದ ಮೇಲೆ ಕೇಳಿದರಾಯ್ತು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ನಾನು ಕಾರವಾರದವನು. ನೌಕಾನೆಲೆಯ ಪಕ್ಕದಲ್ಲೇ ಬದುಕುವವರು ನಾವು. ಅಲ್ಲಿ ದುಡಿಯುವವರ ಬಗ್ಗೆ ತುಂಬ ಗೌರವ ಇದೆ. ಆದರೆ ಈ ಮಾತು ಒಪ್ಪಲು ಆಗಲಿಲ್ಲ. ಮುಗಿಯೋದು ಯಾವಾಗ?

1962ರ ಚೀನಾ ಯುದ್ಧ ಸುಮಾರು ಒಂದು ತಿಂಗಳಲ್ಲಿ ನಿಂತಿತು. ಆಗ ಹೇರಿದ ತುರ್ತುಪರಿಸ್ಥಿತಿ ತೆಗೆದದ್ದು 1968ರ ಜನವರಿಯಲ್ಲಿ! ಚೀನೀ ಮೂಲದವರು ಎಂಬ ಒಂದೇ ಕಾರಣಕ್ಕೆ ಅಸ್ಸಾಂ, ಬಂಗಾಳದ ಕುಟುಂಬಗಳನ್ನು ಮಕ್ಕಳು ಮುದುಕರ ಸಮೇತ ರಾಜಸ್ಥಾನದ ದೇವ್ಲಿ ಶಿಬಿರಕ್ಕೆ ಸಾಗಿಸಿದರು. ವಿಚಾರಣೆ ಇಲ್ಲ, ಆರೋಪವೂ ಇಲ್ಲ. ಕೆಲವರು ಅಲ್ಲಿ ವರ್ಷಗಟ್ಟಲೆ ಉಳಿದರು. ಅವರಲ್ಲಿ ಎಷ್ಟೋ ಜನ ಹುಟ್ಟಿದ್ದೇ ಭಾರತದಲ್ಲಿ. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆ ಸಂಕಟ ಆಗುತ್ತದೆ.

1971ರ ಡಿಸೆಂಬರಿನ ಯುದ್ಧ 13 ದಿನದ್ದು. ಆಗಿನ ತುರ್ತುಪರಿಸ್ಥಿತಿ 1977ರ ಮಾರ್ಚ್‌ವರೆಗೂ ಇತ್ತು. 1975ರದ್ದು ಅದರ ಮೇಲೆಯೇ ಬಂದು ಕೂತಿತು. ಯುದ್ಧದ ವರ್ಷವೇ ಬಂದ, ವಿಚಾರಣೆ ಇಲ್ಲದೆ ಬಂಧಿಸಿಡುವ ಮೀಸಾ ಕಾಯ್ದೆಯಡಿ ವಿರೋಧ ಪಕ್ಷದವರು, ಪತ್ರಕರ್ತರು ಜೈಲು ಸೇರಿದರು. ಬಂಧನ ಪ್ರಶ್ನಿಸಿ ಕೋರ್ಟಿಗೂ ಹೋಗುವಂತಿಲ್ಲ ಎಂದು 1976ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಐವರಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದೆ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರಿಗೆ ತಪ್ಪಿತು.

ನಮ್ಮ ಪಕ್ಕದ ಅಂಕೋಲೆಯಲ್ಲಿ 1930ರಲ್ಲಿ ಉಪ್ಪು ಮಾಡಿದವರು ಬ್ರಿಟಿಷರಿಗೇ ಹೆದರಲಿಲ್ಲ, ಅಲ್ವಾ? ಹಡಗು ಯಾವಾಗ ಹೊರಡುತ್ತದೆ ಎಂದು ನಾವ್ಯಾರೂ ಕೇಳುತ್ತಿಲ್ಲ. ಯಾರನ್ನು ಹಿಡಿದಿರಿ, ಯಾಕೆ ಹಿಡಿದಿರಿ ಎಂದು ಕೇಳೋದೂ ತಪ್ಪಾ?