ಹೊಸ ಟಿವಿಯಲ್ಲಿ ಮಾತೇ ಕೇಳಿಸುವುದಿಲ್ಲ

ಅಷ್ಟೊಂದು ದುಡ್ಡು ಸುರಿದು ಹೊಸ ಟಿವಿ ತಂದರೆ, ಧಾರಾವಾಹಿಯ ಹಿನ್ನೆಲೆ ಸಂಗೀತ ಮನೆ ನಡುಗಿಸುತ್ತದೆ, ಮಾತು ಮಾತ್ರ ಪಿಸುಗುಟ್ಟಿದ ಹಾಗೆ. ಅಮ್ಮ ರಿಮೋಟ್ ಕೈಯಲ್ಲೇ ಹಿಡಿದು ಸೌಂಡ್ ಏರಿಸುವುದು, ಇಳಿಸುವುದು, ಇದೇ ಆಗಿದೆ. ಕೇಳಿದರೆ ಟಿವಿಯವರು ಸೆಟ್‌ಟಾಪ್ ಬಾಕ್ಸ್ ಸರಿಯಿಲ್ಲ ಅಂತಾರೆ, ಬಾಕ್ಸ್‌ನವರು ಟಿವಿ ನೋಡಿಸಿ ಅಂತಾರೆ. ಕೊನೆಗೆ ಬಾಕ್ಸ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ ಡಾಲ್ಬಿ (ಹಲವು ಸ್ಪೀಕರ್‌ಗಳಿಗೆ ಹಂಚುವ ಸೌಂಡ್) ತೆಗೆದು ಪಿಸಿಎಂ (ಇಲ್ಲಿ ಎರಡು ಸ್ಪೀಕರ್‌ನ ಸಾದಾ ಸೌಂಡ್) ಹಾಕಿದ ಮೇಲೆ ಮಾತು ಸ್ಪಷ್ಟವಾಗಿ ಕೇಳಿಸಿತು. ಡಾಲ್ಬಿಯ 5.1 ಸೌಂಡ್‌ನಲ್ಲಿ, ಅಂದರೆ ಐದು ಸ್ಪೀಕರ್ ಮತ್ತೊಂದು ವೂಫರ್‌ಗೆ ಹಂಚಿದ ಸೌಂಡ್‌ನಲ್ಲಿ, ಮಾತು ಹೆಚ್ಚಾಗಿ ನಡುವಿನ ಸ್ಪೀಕರ್‌ಗೆ ಹೋಗುತ್ತದೆ, ನಮ್ಮ ಟಿವಿಯಲ್ಲಿರುವುದು ಎರಡೇ ಸ್ಪೀಕರ್, ಅದೂ ನೆಲದ ಕಡೆ ಮುಖ ಮಾಡಿಕೊಂಡು. ಟಿವಿ ಕೂರಿಸಲು ಬಂದವರು ಇಷ್ಟು ಹೇಳಬಹುದಿತ್ತು, ಅಲ್ವಾ?

ಚಿತ್ರ ಚೌಕ ಚೌಕವಾಗಿ ಒಡೆಯುವುದಕ್ಕೂ ಒಂದೇ ಸಬೂಬು, ಮೋಡ. ಜೋರು ಮಳೆಗೆ ಡಿಶ್ ಸಿಗ್ನಲ್ ಕುಗ್ಗುವುದು ನಿಜ. ಆದರೆ ಸುಡು ಬಿಸಿಲಲ್ಲೂ ಒಡೆದರೆ? ಬಾಕ್ಸ್ ಹಿಂದೆ ಕೇಬಲ್‌ನ ತಿರುಪು ಸಡಿಲವಾಗಿತ್ತು, ಒಳಗಿನ ತಾಮ್ರದ ತಂತಿ ಹಸಿರು ಹಿಡಿದಿತ್ತು. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ್ದೇ ಚಿತ್ರ ಒಡೆಯುವುದು ನಿಂತಿತು. ಇಷ್ಟು ಸಣ್ಣ ಕೆಲಸಕ್ಕೆ ಸುಮ್ನೆ ಹೊಸ ಬಾಕ್ಸ್ ತಗೊಳ್ಳಿ ಅಂದಿದ್ದರು!