ತಿಜೋರಿಗೆ ನಾವೂ ಕಳ್ಳರೇ

ಬಂದೂಕಿನ ತಿಜೋರಿ ಮಾಡುವವರ ಉದ್ದೇಶ ಒಂದೇ. ಅದನ್ನು ಯಾರೂ ಹೊತ್ತುಕೊಂಡು ಹೋಗಬಾರದು. ಹೊರಲು ಬಂದವನು ಕಳ್ಳನೋ, ಮನೆ ಬದಲಿಸುತ್ತಿರುವ ಯಜಮಾನನೋ ಅಂತ ಅದು ವಿಚಾರಿಸುವುದಿಲ್ಲ. ಇಬ್ಬರ ಸೊಂಟವೂ ಒಂದೇ ಥರ ಹಿಡಿದುಕೊಳ್ಳುತ್ತದೆ.

ಮನೆ ಬದಲಿಸುವಾಗ ಭಾವ ಫೋನ್ ಮಾಡಿ, "ಸುಮ್ನೆ ಒಂದು ಕೈ ಹಾಕು, ಸಾಕು" ಅಂದರು. ಅವರ ತಿಜೋರಿಯ ತೂಕ 300 ಕಿಲೋ. ಇನ್ನೂ ಎಷ್ಟು ಕೈ ಬೇಕಾಗಬಹುದು ಅಂತ ನಾನು ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ಅಷ್ಟೂ ಕಬ್ಬಿಣದ ತೂಕ ಅಂದುಕೊಳ್ಳಬೇಡಿ. ಬೆಂಕಿ ತಡೆಯಲಿ ಅಂತ ಇಂಥ ತಿಜೋರಿಗಳ ಗೋಡೆಯೊಳಗೆ ಜಿಪ್ಸಮ್ ಹಲಗೆ ಕೂರಿಸುತ್ತಾರೆ. ಜಿಪ್ಸಮ್‌ನ ತೂಕದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ನೀರೇ. ಕಾವು ಏರಿದಾಗ ಆ ನೀರು ಆವಿಯಾಗಿ ಹೋಗುತ್ತಾ, ಒಳಗೆ ಬಿಸಿ ಬೇಗ ತಟ್ಟದಂತೆ ನೋಡಿಕೊಳ್ಳುತ್ತದೆ. ಜಾಣತನವೇ, ಒಪ್ಪೋಣ. ಆದರೆ ಬೆವರು ಸುರಿಸಿ ಹೊರುತ್ತಿರುವುದರಲ್ಲಿ ನೀರೂ ಇದೆ ಅಂದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಬಂದೂಕಿನ ವಿಷಯದಲ್ಲಿ ಭಾವ ಬಲು ಶಿಸ್ತು. ಗುಂಡಿಲ್ಲ ಅಂತ ಒಂದೊಂದನ್ನೂ ನೋಡಿ, ಬೇರೆ ಕಡೆ ಬೀಗ ಹಾಕಿಟ್ಟಿದ್ದರು. ತೋಟಾಗಳು ಇನ್ನೊಂದು ಕಡೆ. ತಿಜೋರಿಯ ಬಾಗಿಲಿಗೂ ಬೀಗ ಬಿದ್ದಿತ್ತು. ಅದೂ ಸರಿಯೇ. ಬಾಗಿಲೇ ಅಷ್ಟು ಭಾರ ಇರುವಾಗ, ನಡುವೆ ತೆರೆದುಕೊಂಡರೆ ಇಡೀ ಪೆಟ್ಟಿಗೆ ಮುಂದಕ್ಕೆ ವಾಲುತ್ತದೆ.

ತಳ್ಳಿದೆವು. ಅಲ್ಲಾಡಲಿಲ್ಲ. ಪಕ್ಕದ ಮನೆಯವರು ಕಿಟಕಿಯಿಂದಲೇ, "ಇನ್ನೊಬ್ಬರು ಸೇರಿದ್ರೆ ಆಗುತ್ತೆ" ಅಂದರು. ಆ ಇನ್ನೊಬ್ಬರು ತಾವಲ್ಲ ಅನ್ನುವುದು ಅವರ ದನಿಯಲ್ಲೇ ಇತ್ತು. ಆಗ ಅಕ್ಕ ಇಣುಕಿ ಕೇಳಿದಳು: "ನೆಲಕ್ಕೆ ಬೋಲ್ಟ್ ಹಾಕ್ಸಿದ್ರಲ್ಲ, ಬಿಚ್ಚಿದ್ರಾ?"

ಬೋಲ್ಟ್ ಇರುವುದು ತಿಜೋರಿಯ ಒಳಗೆ. ಬೀಗದ ಕೈ, ಜೋಪಾನವಾಗಿರಲಿ ಅಂತ, ಮೊದಲ ಲಾರಿಯಲ್ಲೇ ಹೊರಟುಹೋಗಿತ್ತು.

ಅದು ವಾಪಸ್ ಬರುವವರೆಗೆ ಸಲಹೆಗಳ ಸುರಿಮಳೆ. ಕೆಳಗೆ ಗಾಲ್ಫ್ ಚೆಂಡು ಹಾಕಿ ಉರುಳಿಸಿ ಅಂದರೊಬ್ಬರು. ಗಟ್ಟಿ ನೆಲದ ಮೇಲೆ ಅದು ಕೆಲಸ ಮಾಡುತ್ತದೆ, ನಿಜ. ಆದರೆ ಚೆಂಡು ಎಲ್ಲಾ ದಿಕ್ಕಿಗೂ ಉರುಳುತ್ತದೆ, ಮೇಲಿರುವ ತಿಜೋರಿಯೂ ಹಾಗೇ. ಪೈಪ್ ವಾಸಿ, ನೆಟ್ಟಗೆ ಹೋಗುತ್ತದೆ. ಬೀಗದ ಕೈ ಬಂದು ಬೋಲ್ಟ್ ಬಿಚ್ಚಿದ ಮೇಲೆ, ಹಿಂದೆ ಹೊರಬಂದ ಪೈಪ್ ಎತ್ತಿ ಮುಂದೆ ಇಡುವ ಕೆಲಸ ನನ್ನದಾಯಿತು. ಆಗಾಗ ಬೆರಳು ಎಣಿಸಿಕೊಳ್ಳುತ್ತಾ ಮಾಡಿದೆ.

ಮೆಟ್ಟಿಲ ಹತ್ತಿರ ಬಾಡಿಗೆಗೆ ತಂದ ಟ್ರಾಲಿಗೆ ಬೆಲ್ಟ್ ಬಿಗಿದು ಕಟ್ಟಿದೆವು. ಟ್ರಾಲಿ ತಂದವನು ಎರಡೇ ಮಾತು ಹೇಳಿದ. ಭಾರದ ಕೆಳಗೆ ಯಾರೂ ನಿಲ್ಲಬಾರದು. ವಾಲಿದರೆ ಹಿಡಿಯಲು ಹೋಗಬಾರದು, ದೂರ ಓಡಬೇಕು. ಇಡೀ ದಿನದಲ್ಲಿ ಎಲ್ಲರೂ ಚರ್ಚೆಯಿಲ್ಲದೆ ಒಪ್ಪಿದ್ದು ಇದೊಂದನ್ನೇ. ಇಬ್ಬರಂತೂ ಅದು ವಾಲುವ ಮುಂಚೆಯೇ ಓಡಿದರು.

ಕೊನೆಗೆ ಹೊಸ ಮನೆಯ ಮೂಲೆಯಲ್ಲಿ, ಗೋಡೆಗೆ ಒತ್ತಿ ನಿಲ್ಲಿಸಿದ್ದಾಯಿತು. ಭಾವ ಬೀಗ ತೆಗೆದು ಜಂಬದಿಂದ ಬಾಗಿಲು ಎಳೆದರು. ಅದು ಅರ್ಧ ತೆರೆದು, ಹಿಡಿಕೆ ಗೋಡೆಗೆ ಬಡಿದು ನಿಂತಿತು. ಬಂದೂಕನ್ನು ಸಲೀಸಾಗಿ ಒಳಗಿಡುವಷ್ಟು ಸಂದೇ ಇಲ್ಲ.

"ಜಾಸ್ತಿ ಬೇಡ, ಒಂದಡಿ ಈಚೆಗೆ..." ಅಂತ ಅವರು ತಿರುಗುವಷ್ಟರಲ್ಲಿ ಎಲ್ಲರಿಗೂ ತುರ್ತು ಕೆಲಸ ನೆನಪಾಗಿತ್ತು. ನಾನು ಆಗಲೇ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದೆ.